ಸುರಂಗ ಬಾವಿಯ ಪಾಠ ಹೇಳಿದ ಕಾಕಾರಿಗೆ

ಬೀದರಿನ ನೌಬಾದ್ ಹತ್ತಿರ ಆಡು ಮೇಯಿಸುತ್ತಿದ್ದ ಕಾಕಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ಧನ್ಯವಾದ ಮಾತ್ರ ನಿಮಗೇ.

ನಾನು ಮಕ್ಕಳಿಗೆ ಭೂಗೋಳ ಕಲಿಸುವವಳು. ಕರೇಜ್, ಅಂದರೆ ನೆಲದಡಿ ಸುರಂಗ ಕೊರೆದು ನೀರು ಹರಿಸುವ ವ್ಯವಸ್ಥೆಯ ಬಗ್ಗೆ ಓದಿದ್ದೆ: 15ನೇ ಶತಮಾನ, ಬಹಮನಿ ಸುಲ್ತಾನರ ಕಾಲ, ಇರಾನಿನ ಕಡೆಯಿಂದ ಬಂದ ವಿದ್ಯೆ. ನೀವು ಅದನ್ನು ಕೋಲಿನಿಂದ ಮಣ್ಣಲ್ಲಿ ಗೀರಿ ತೋರಿಸಿದಿರಿ. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರು ಕುಡಿಯುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಸುಲಭವಾಗಿ ಇಳಿಯಬಿಡುವುದಿಲ್ಲ. ನಡುವೆ ನಿಂತ ನೀರು ಸುರಂಗಕ್ಕೆ ಜಿನುಗುತ್ತದೆ. "ಇಳಿಜಾರು ಕೊಟ್ಟಾರ ನೋಡವ್ವ, ನೀರು ತಾನೇ ನಡೀತದ. ಎತ್ತು ಬ್ಯಾಡ, ಮೋಟಾರು ಬ್ಯಾಡ" ಅಂದಿರಿ. ಬಾವಿಯಂತೆ ಕಾಣುವ ಆ ಗುಂಡಿಗಳು ಗಾಳಿ-ಬೆಳಕಿಗೆ, ಅಗೆದ ಮಣ್ಣು ಮೇಲೆತ್ತಲಿಕ್ಕೆ ಅಂತ ತಿಳಿಸಿದ್ದೂ ನೀವೇ.

ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಿರಿ, ಆಡುಗಳು ಹೊಲದ ಕಡೆ ಸರಿದಾಗಲೂ. ಅಷ್ಟು ತಾಳ್ಮೆ ನನಗೆ ಕಲಿಸಿದ ಮೇಷ್ಟ್ರುಗಳಲ್ಲೂ ಕೆಲವರಿಗೇ ಇತ್ತು. ಈಗ ನೀರಿನ ಪಾಠಕ್ಕೆ ಮುಂಚೆ, "ಮನೆಯ ಹಿರಿಯರನ್ನು, ಹೊಲದವರನ್ನು ಕೇಳಿಕೊಂಡು ಬನ್ನಿ" ಅಂತ ಮಕ್ಕಳಿಗೆ ಹೇಳುತ್ತೇನೆ. ಅವರು ತರುವ ಮಾತುಗಳಲ್ಲಿ ನನಗೇ ಎಷ್ಟೋ ಹೊಸದು ಸಿಗುತ್ತಿದೆ.

ಮಳೆಗಾಲ ಮುಗಿದ ಮೇಲೆ ಆ ಮಕ್ಕಳನ್ನು ನೌಬಾದಿಗೆ ಕರೆತರುವ ಆಸೆ ಇದೆ. ನೀವೇ ಪಾಠ ಹೇಳಬೇಕು. ಸಿಗ್ತೀರಿ ಅಲ್ವಾ ಕಾಕಾ?