ಮಗಳಿಗೊಂದು ಪತ್ರ: ‘ನಾಳೆ’ ಎಂದಿದ್ದೆ

ಇಂಗಮ್, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
1957ರ ಜನವರಿ 20, ಭಾನುವಾರ

ಪ್ರೀತಿಯ ಮಗಳೇ,

ನೀನು ಬ್ರಿಸ್ಬೇನ್ ರೈಲು ಹತ್ತಿ ಇಂದಿಗೆ ಹದಿನೇಳು ದಿನ. ತಲುಪಿದೆ ಎಂಬ ನಾಲ್ಕು ಸಾಲಿನ ಕಾಗದ ಬಂತು, ಅದೂ ಅಪ್ಪನ ಹೆಸರಿಗೆ. ಅವರು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೆ ಓದಿ ಹೇಳಲಿಲ್ಲ. ಅಂಗಿ ಒಗೆಯಲು ತೆಗೆದುಕೊಂಡಾಗ ನಾನೇ ಓದಿಕೊಂಡೆ.

ಆ ರಾತ್ರಿ ಊಟದ ಮೇಜಿನಲ್ಲಿ ಯಾರು ಏನೆಂದರು ಎಂಬುದನ್ನು ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಹೊಲವನ್ನು ತಮ್ಮನ ಹೆಸರಿಗೆ ಮಾಡುವ ಕಾಗದ ಈಗ ವಕೀಲರ ಬಳಿ ಇದೆ. ನೀನು ಬಾಗಿಲಲ್ಲಿ ನಿಂತು ಅಪ್ಪನನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ, ತಟ್ಟೆ ತೊಳೆಯುತ್ತಿದ್ದ ನನ್ನನ್ನು ನೋಡಿದೆ. ‘1942ರಲ್ಲಿ ಈ ಹೊಲ ಯಾರದಾಗಿತ್ತು, ಅಮ್ಮ?’ ಎಂದು ಕೇಳಿದೆ. ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಉತ್ತರ ಬರೆಯಬೇಕೆಂದು ಕುಳಿತಿದ್ದೇನೆ. ನನ್ನ ಬರವಣಿಗೆ ಮೂರನೆಯ ತರಗತಿಯದ್ದು, ತಪ್ಪುಗಳನ್ನು ದಾಟಿಕೊಂಡು ಓದು.

ಅಪ್ಪನನ್ನು ಕರೆದೊಯ್ದ ದಿನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನೀನು ಅಲ್ಲೇ ಇದ್ದೆ. ಸಿಂಗಪುರ ಜಪಾನಿನ ಕೈಗೆ ಬಿದ್ದ ವಾರ ಅದು. ಅವರು ಕುದುರೆಯ ಜೀನು ಹೊಲಿಯುತ್ತಾ ಕುಳಿತಿದ್ದರು. ಬ್ರಿಟಿಷ್ ಪ್ರಜೆ ಎಂದು ಸರ್ಕಾರವೇ ಕೊಟ್ಟಿದ್ದ ಕಾಗದ ತಂದು ತೋರಿಸಿದರು. ಇಟಲಿ ಶತ್ರುದೇಶವಾಗಿದ್ದ ಆ ಯುದ್ಧದ ದಿನಗಳಲ್ಲಿ, ಅಲ್ಲಿ ಹುಟ್ಟಿದವರಿಗೆ ಅದು ರಕ್ಷಣೆಯಾಗಲಿಲ್ಲ. ಮೊದಲು ಬ್ರಿಸ್ಬೇನಿನ ಗೇಥಾರ್ನ್, ಅಲ್ಲಿಂದ ಸೌತ್ ಆಸ್ಟ್ರೇಲಿಯಾದ ಲವ್‌ಡೇ ಬಂಧನ ಶಿಬಿರ. ನಮಗೆ ಅರವತ್ತು ಎಕರೆ ಕಬ್ಬು, ಎರಡು ಕುದುರೆ, ಬ್ಯಾಂಕಿನ ಸಾಲ, ಹದಿಮೂರು ತುಂಬಿದ ನೀನು, ಎಂಟು ವರ್ಷದ ತಮ್ಮ.

ನಾನು ಹೇಳಬೇಕಾದದ್ದು ಮಾರ್ಚ್ 2ರ ವಿಷಯ. ಅಂದು ಸೋಮವಾರ. ಜಪಾನೀಯರು ಬರುತ್ತಾರೆಂಬ ಭಯದಲ್ಲಿ ಕರಾವಳಿಯ ಶಾಲೆಗಳನ್ನೆಲ್ಲ ಆ ವರ್ಷ ತೆರೆದಿರಲೇ ಇಲ್ಲ, ಅಂದು ತೆರೆದರು. ನೀನು ನನಗಿಂತ ಮೊದಲು ಎದ್ದಿದ್ದೆ. ಜಡೆ ನೀನೇ ಹೆಣೆದುಕೊಂಡಿದ್ದೆ, ಬಲಗಡೆಯದು ಎಡಗಡೆಯದಕ್ಕಿಂತ ದಪ್ಪವಾಗಿತ್ತು. ಹಂದಿಕೊಬ್ಬಿನ ಹಳೆಯ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡಿದ್ದೆ. ಅದರಲ್ಲಿ ನಮ್ಮ ಮನೆಯ ಸಲಾಮಿ, ಆ ಒಣಗಿಸಿದ ಮಾಂಸ, ಇರಲಿಲ್ಲ. ಸಲಾಮಿಯ ವಾಸನೆಗೆ ಹುಡುಗಿಯರು ಮೂಗು ಮುಚ್ಚುತ್ತಾರೆಂದು ಹಿಂದಿನ ವರ್ಷ ಅತ್ತಿದ್ದೆಯಲ್ಲ. ಪಕ್ಕದ ಹೊಲದ ಆಸ್ಟ್ರೇಲಿಯನ್ ಹೆಂಗಸು ಕೊಟ್ಟಿದ್ದ ರೊಸೆಲ್ಲಾ ಎಂಬ ಹುಳಿ ಹೂವಿನ ಜಾಮನ್ನು ಬ್ರೆಡ್ಡಿಗೆ ಹಚ್ಚಿ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ವರ್ಷದ ಕೊನೆಗೆ ಸ್ಕಾಲರ್‌ಶಿಪ್ ಪರೀಕ್ಷೆ. ಪಾಸಾದರೆ ಹೈಸ್ಕೂಲಿಗೆ ದುಡ್ಡು ಕೊಡಬೇಕಿರಲಿಲ್ಲ.

ನಾನು ಒಲೆಯ ಮುಂದಿನಿಂದ ತಿರುಗದೆ ಹೇಳಿದೆ: ‘ತಮ್ಮ ಹೋಗಲಿ. ನೀನು ನಾಳೆ ಹೋಗು.’

ನೀನು ಜಗಳವಾಡಲಿಲ್ಲ. ತಮ್ಮನನ್ನು ದಾರಿಯ ತಿರುವಿನವರೆಗೆ ಬಿಟ್ಟು ಬಂದು, ಗಮ್‌ಬೂಟ್ ಹಾಕಿಕೊಂಡು ನನ್ನ ಜೊತೆ ಹೊಲಕ್ಕೆ ಬಂದೆ. ಇನ್ನೂ ಒಂಬತ್ತು ಗಂಟೆಯೂ ಆಗಿರಲಿಲ್ಲ, ಕಾಲುವೆಯ ದಂಡೆಯ ಮೇಲೆ ಕುಳಿತು ಆ ಬುತ್ತಿಯನ್ನು ತಿಂದೆ. ಅಷ್ಟು ಹೊತ್ತಿಗೇ ಹಸಿವಾಗುವ ಹುಡುಗಿಯಲ್ಲ ನೀನು. ನಾನು ನೋಡಿದೆ, ನೋಡದವಳಂತೆ ಕಳೆ ಕೀಳುತ್ತಿದ್ದೆ.

ಮಾರನೆಯ ದಿನವೂ ನೀನು ಕೇಳಿದೆ. ನಾನು ನಾಳೆ ಎಂದೆ. ಆ ವಾರವೆಲ್ಲ ಕೇಳಿದೆ. ಮುಂದಿನ ವಾರವೂ ಕೇಳಿದೆ ಎಂದು ನೆನಪು. ಆಮೇಲೆ ನೀನು ಕೇಳುವುದನ್ನು ಬಿಟ್ಟೆ. ಯಾವ ದಿನ ಬಿಟ್ಟೆ? ಹದಿನೈದು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ, ಸಿಗುತ್ತಿಲ್ಲ. ಬ್ಯಾಂಕಿನ ಕಂತು ಕಟ್ಟಿದ ತಾರೀಖು ನೆನಪಿದೆ, ಕೆಂದು ಕುದುರೆ ಕುಂಟಿದ ದಿನ ನೆನಪಿದೆ, ಅಪ್ಪನ ಮೊದಲ ಕಾಗದ ಸೆನ್ಸಾರಿನ ಮೊಹರು ಹೊತ್ತು ಬಂದಾಗ ಮಳೆ ಬರುತ್ತಿತ್ತು ಎಂಬುದೂ ನೆನಪಿದೆ. ನನ್ನ ಮಗಳು ಶಾಲೆಯ ಹೆಸರೆತ್ತುವುದನ್ನು ನಿಲ್ಲಿಸಿದ ದಿನ ಮಾತ್ರ ನೆನಪಿಲ್ಲ. ಅಂದು ಬಹುಶಃ ನನಗೆ ಸಮಾಧಾನವೇ ಆಗಿರಬೇಕು, ಅದಕ್ಕೇ ಗಮನಿಸಲಿಲ್ಲ. ಇದನ್ನು ಬರೆಯುವುದು ಕಷ್ಟ. ಆದರೆ ನಿಜ.

ಇನ್ನೊಂದು ಇದೆ. ಇದು ನಿನಗೆ ಗೊತ್ತಿಲ್ಲ.

ಈಸ್ಟರ್ ಕಳೆದ ಮೇಲೆ ನಿನ್ನ ಶಿಕ್ಷಕಿ ಮನೆಗೆ ಬಂದರು. ಸೈಕಲ್ಲನ್ನು ಬೇಲಿಗೆ ಒರಗಿಸಿ, ಕೆಸರಾದ ಷೂ ಬಿಚ್ಚಿಟ್ಟು, ಅಡುಗೆಮನೆಯ ಬೆಂಚಿನ ಮೇಲೆ ಕುಳಿತರು. ಅವರು ಬಹಳ ಹೊತ್ತು ಮಾತನಾಡಿದರು, ನೀನು ನಡುವೆ ನಿಂತು ನನಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ‘ಅಪ್ಪನ ಆರೋಗ್ಯ ಹೇಗಿದೆ ಎಂದು ಕೇಳುತ್ತಿದ್ದಾರೆ. ಏನಾದರೂ ಸಹಾಯ ಬೇಕಾ ಎಂದು ಕೇಳುತ್ತಿದ್ದಾರೆ’ ಎಂದೆ. ನಾನು ಕಾಫಿ ಕೊಟ್ಟೆ, ಕೈಮುಗಿಯುವಷ್ಟು ವಿನಯದಿಂದ ಥ್ಯಾಂಕ್ಯೂ ಎಂದೆ, ಅವರು ಹೋದರು.

ಮಗಳೇ, ನನಗೆ ಅರ್ಥವಾಗಿತ್ತು. ಇಂಗ್ಲಿಷ್ ಮಾತನಾಡಲು ಬಾರದಿದ್ದರೂ ಹದಿನೈದು ವರ್ಷ ಕಿವಿ ತೆರೆದುಕೊಂಡು ಬದುಕಿದವಳು ನಾನು. ‘ಪರೀಕ್ಷೆ’ ಎಂದದ್ದು ತಿಳಿಯಿತು. ‘ಇಡೀ ತರಗತಿಗೆ ಮೊದಲು’ ಎಂದದ್ದು ತಿಳಿಯಿತು. ಹದಿನಾಲ್ಕು ತುಂಬುವವರೆಗೆ ಶಾಲೆಗೆ ಬರಬೇಕೆಂಬುದು ಕಾನೂನು ಎಂದದ್ದೂ ತಿಳಿಯಿತು. ನಾನು ನೋಯಬಾರದೆಂದು ನೀನು ಸುಳ್ಳು ಹೇಳಿದೆ. ನನಗೆ ಆ ಸುಳ್ಳು ಬೇಕಾಗಿತ್ತು, ತೆಗೆದುಕೊಂಡೆ. ಹದಿಮೂರರ ಹುಡುಗಿ ತಾಯಿಯ ಭಾರವನ್ನು ತಾನು ಹೊತ್ತಳು, ಮೂವತ್ತೇಳರ ತಾಯಿ ಹೊರಲು ಬಿಟ್ಟಳು. ಅಂದು ನಾನು ‘ನನಗೆ ತಿಳಿಯಿತು, ನಾಳೆ ನಿಜವಾಗಿಯೂ ಹೋಗು’ ಎಂದಿದ್ದರೆ ಕಬ್ಬು ಕೆಲವು ಎಕರೆ ಹಾಳಾಗುತ್ತಿತ್ತು. ಹಾಳಾಗಲಿ ಎನ್ನುವ ಧೈರ್ಯ ಬರಲಿಲ್ಲ.

ಏಕೆ ಬರಲಿಲ್ಲ ಎಂದು ಹೇಳಿದರೆ ಅದು ನೆಪವೆಂದು ತಿಳಿಯಬೇಡ. ಇಟಲಿಯಲ್ಲಿ, ಕೊಂಜಾನೊ ಗುಡ್ಡದ ಮೇಲಿನ ನಮ್ಮ ಮನೆಯಲ್ಲಿ ದ್ರಾಕ್ಷಿತೋಟ ಇತ್ತು, ನಮ್ಮದಾಗಿರಲಿಲ್ಲ. ಹನ್ನೆರಡು ತುಂಬಿದ ಮೇಲೆ ಪ್ರತಿ ಬೇಸಿಗೆ ನನ್ನನ್ನು ವೆರ್ಚೆಲ್ಲಿಯ ಭತ್ತದ ಗದ್ದೆಗಳಿಗೆ ಕಳೆ ಕೀಳಲು ಕಳಿಸುತ್ತಿದ್ದರು. ಮೊಣಕಾಲವರೆಗೆ ನೀರು, ದಿನವಿಡೀ ಬಗ್ಗಿದ ಬೆನ್ನು, ಕಾಲಿಗೆ ಜಿಗಣೆ. ನನ್ನ ಅಮ್ಮನೂ ಅದೇ ಗದ್ದೆಗಳಲ್ಲಿ ಬಗ್ಗಿದವಳು. ಹೆಣ್ಣುಮಕ್ಕಳು ಮನೆಯ ಸಾಲ ತೀರಿಸುವುದು, ಗಂಡುಮಕ್ಕಳು ಮನೆಯನ್ನು ಪಡೆಯುವುದು: ಇದಕ್ಕಿಂತ ಬೇರೆ ರೀತಿ ಇರಬಹುದೆಂದು ನನಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. 1927ರಲ್ಲಿ ಜಿನೋವಾದಿಂದ ಹಡಗು ಹತ್ತಿ, ಕೊಲಂಬೊ ದಾಟಿ, ಒಂದೂವರೆ ತಿಂಗಳು ಸಮುದ್ರ ನೋಡಿ ಇಲ್ಲಿಗೆ ಬಂದಾಗ, ಆ ವರ್ಷದ ಫೆಬ್ರವರಿಯಲ್ಲಿ ಹರ್ಬರ್ಟ್ ನದಿ ಉಕ್ಕಿ ಬಂದ ಗುರುತು ಗುಡಿಸಲಿನ ತಗಡಿನ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಇತ್ತು. ಅಪ್ಪ ಅದನ್ನು ತೋರಿಸಿ, ‘ಆದರೆ ಮಣ್ಣು ನಮ್ಮದಾಗುತ್ತದೆ’ ಎಂದರು. ಆ ಮಾತನ್ನು ಕಳೆದುಕೊಳ್ಳಬಾರದೆಂದು ನಾನು ಮಾಡದ ಕೆಲಸವಿಲ್ಲ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ದಿನಕ್ಕೆ ಐದು ಹೊತ್ತು ಬೇಯಿಸಿ ಹಾಕಿದೆ. ಬೆಳಗಿನ ಜಾವ ಪೊಲೆಂಟಾ, ಮೆಕ್ಕೆಜೋಳದ ಹಿಟ್ಟಿನ ಗಂಜಿ, ತಿರುವುವಾಗ ನೀನು ನನ್ನ ಬೆನ್ನಿಗೆ ಕಟ್ಟಿಕೊಂಡ ಸೆರಗಿನಂಥ ಬಟ್ಟೆಯಲ್ಲಿ ನಿದ್ದೆ ಮಾಡುತ್ತಿದ್ದೆ.

ನಿನ್ನ ಬಗ್ಗೆ ನನಗಿರುವ ಹೆಮ್ಮೆಯನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. 1942ರ ಕಟಾವಿನಲ್ಲಿ ಕಡಿಯಲು ಸಿಕ್ಕವರು ಮುದುಕರು, ಅದೂ ಐದೇ ಜನ. ಕಬ್ಬು ತುಂಬಿದ ಟ್ರಕ್ಕನ್ನು, ಆ ಸಣ್ಣ ಹಳಿಬಂಡಿಯನ್ನು, ಹೊಲದ ಹಳಿಯಿಂದ ಕಾರ್ಖಾನೆಯ ಹಳಿಯವರೆಗೆ ಕುದುರೆಯಿಂದ ಎಳೆಸಿದವಳು ನೀನು. ಆ ಹಳಿಯ ಅಗಲ ಎರಡೇ ಅಡಿ, ಮಳೆ ಬಿದ್ದರೆ ಮಣ್ಣಿನಲ್ಲಿ ಕುಸಿಯುತ್ತಿತ್ತು, ಟ್ರಕ್ಕು ವಾಲುತ್ತಿತ್ತು. ನೀನು ಕುದುರೆಯ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದೆ, ಅದು ಎಳೆಯುತ್ತಿತ್ತು. ಸಂಜೆ ಪ್ರತಿ ಟ್ರಕ್ಕಿನ ತೂಕದ ಚೀಟಿಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅಪ್ಪನನ್ನು ಬಿಡಬೇಕೆಂದು ಮೂರು ಮನವಿ ಬರೆದೆ. ಮೂರನೆಯದನ್ನು ಓದಿದ ಚರ್ಚಿನ ಗುರುಗಳು, ಇದನ್ನು ವಕೀಲರು ಬರೆದರೇ ಎಂದು ಕೇಳಿದರು.

1944ರಲ್ಲಿ ಅಪ್ಪ ಮರಳಿದರು. ಶಿಬಿರದವರು ಔಷಧಿಗೆಂದು ಬೆಳೆಸುತ್ತಿದ್ದ ಗಸಗಸೆ ಹೊಲದ ಕಥೆಯನ್ನು ತಮ್ಮನಿಗೆ ಹೇಳಿದರು, ಬೇರೇನನ್ನೂ ಯಾರಿಗೂ ಹೇಳಲಿಲ್ಲ. ಮೊದಲ ಬೆಳಿಗ್ಗೆ ಹೊಲವನ್ನು ಸುತ್ತಿ ಬಂದು, ‘ಕೂಳೆ ಚೆನ್ನಾಗಿ ಬಂದಿದೆ’ ಎಂದರು. ನೀನು ಬಾವಿಯ ಬಳಿ ನಿಂತಿದ್ದೆ, ಇನ್ನೊಂದು ಮಾತಿಗೆ ಕಾಯುತ್ತಿದ್ದೆ. ಬರಲಿಲ್ಲ. ಆಗ ನಿನಗೆ ಹದಿನೈದು. ಆಗಲಾದರೂ ನಾನು ನಿನ್ನನ್ನು ಕಳಿಸಬಹುದಿತ್ತು. ಕಳಿಸಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನೀನಿಲ್ಲದೆ ನನಗೆ ಕೈ ಓಡುತ್ತಿರಲಿಲ್ಲ.

ಈಗ ನಾನು ಹೇಳುವುದನ್ನು ಕೇಳು. ಬಾಡಿಗೆ ಕೋಣೆಯಲ್ಲಿ ಚಹಾ ಬ್ರೆಡ್ಡಿನ ಮೇಲೆ ಬದುಕಬೇಡ. ವಾರಕ್ಕೆ ಎರಡು ದಿನವಾದರೂ ಹುರುಳಿಕಾಯಿ, ಆಲೂಗಡ್ಡೆ ಹಾಕಿ ಸೂಪ್ ಮಾಡಿಕೊ, ಮೂಳೆ ಕೇಳಿದರೆ ಕಟುಕರು ಪುಕ್ಕಟೆ ಕೊಡುತ್ತಾರೆ. ಸಂಬಳ ಬಂದ ದಿನವೇ ಒಂದು ಪಾಲು ನಿನ್ನ ಹೆಸರಿನ ಖಾತೆಗೆ ಹಾಕು. ಮದುವೆಯಾದರೂ ಆ ಖಾತೆಯನ್ನು ಮುಚ್ಚಬೇಡ, ಗಂಡ ಎಷ್ಟೇ ಒಳ್ಳೆಯವನಾಗಿರಲಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಸಿಟ್ಟಿನಲ್ಲಿ ಮದುವೆಗೆ ಒಪ್ಪಬೇಡ, ಸಿಟ್ಟಿನಲ್ಲಿ ಬೇಡವೆನ್ನಲೂ ಬೇಡ. ಇಪ್ಪತ್ತೆಂಟು ನಡೆಯುತ್ತಿದೆ, ನಾನು ಒತ್ತಾಯಿಸುವುದಿಲ್ಲ, ಆದರೆ ನೆನಪಿರಲಿ. ರಾತ್ರಿ ಟ್ರಾಮಿನಲ್ಲಿ ಒಬ್ಬಳೇ ಬರಬೇಡ. ತಮ್ಮನ ಮೇಲೆ ಹಗೆ ಇಟ್ಟುಕೊಳ್ಳಬೇಡ. ಅವನು ಕಾಗದ ಕೇಳಿದವನಲ್ಲ, ಕೊಟ್ಟದ್ದನ್ನು ತೆಗೆದುಕೊಂಡವನು. ನೀನು ಹೋದ ಮೇಲೆ ತೂಕದ ಲೆಕ್ಕ ತಪ್ಪು ಮಾಡಿ ನಾಚಿಕೊಂಡು ಕುಳಿತಿದ್ದ. ಬ್ರಿಸ್ಬೇನಿನಲ್ಲಿ ರಾತ್ರಿ ಶಾಲೆಗಳಿವೆಯಂತೆ. ದೊಡ್ಡವರೂ ಹೋಗುತ್ತಾರಂತೆ. ಹೋಗುವುದು ಬಿಡುವುದು ನಿನಗೆ ಸೇರಿದ್ದು. ನಾನು ಮಾತ್ರ ಹೋಗಬೇಕೆಂದೇ ಬಯಸುತ್ತೇನೆ.

ಅದಕ್ಕೆಂದೇ ಕಾಗದದ ಜೊತೆ ನೂರ ನಲವತ್ತು ಪೌಂಡಿನ ಬ್ಯಾಂಕ್ ಡ್ರಾಫ್ಟ್ ಇದೆ. ಇದು ಅಪ್ಪನದಲ್ಲ, ಹೊಲದ್ದೂ ಅಲ್ಲ. ಮೊಟ್ಟೆ ಮಾರಿದ್ದು, ಗ್ಯಾಂಗಿನವರ ಬಟ್ಟೆ ಒಗೆದದ್ದು. ಹತ್ತು ವರ್ಷ ಹಿಟ್ಟಿನ ಡಬ್ಬಿಯ ಕೆಳಗಿತ್ತು. ಹಿಂದಕ್ಕೆ ಕಳಿಸಬೇಡ. ಕಳಿಸಿದರೆ ನಾನೇ ರೈಲು ಹತ್ತಿ ತಂದುಕೊಡುತ್ತೇನೆ.

ಇಂದು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಅಪ್ಪನಿಗೆ ಹೇಳಿದೆ. ಶಿಕ್ಷಕಿ ಬಂದದ್ದನ್ನು ಹೇಳಿದೆ, ನನಗೆ ಅರ್ಥವಾಗಿತ್ತೆಂಬುದನ್ನೂ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹೊಲ ತಮ್ಮನಿಗೇ ಹೋಗಲಿ, ಆದರೆ ಪ್ರತಿ ಹಂಗಾಮಿನ ಹಣದಲ್ಲಿ ಒಂದು ಪಾಲು ಮಗಳದೆಂದು ಅದೇ ಕಾಗದದಲ್ಲಿ ಬರೆಸಿ ಎಂದೆ. ಮೂವತ್ತು ವರ್ಷದಲ್ಲಿ ನಾನು ಹಾಗೆ ಮಾತನಾಡಿದ್ದು ಇದೇ ಮೊದಲು. ಅವರು ಏನೂ ಹೇಳದೆ ಮಳೆಯಲ್ಲೇ ಹೊಲದ ಕಡೆ ಹೋದರು. ಈಗಷ್ಟೇ ಬಂದು ಕಾಲು ತೊಳೆದುಕೊಳ್ಳುತ್ತಿದ್ದಾರೆ. ಏನು ಹೇಳುತ್ತಾರೋ ಗೊತ್ತಿಲ್ಲ. ನಾಳೆ ಮತ್ತೆ ಕೇಳುತ್ತೇನೆ, ನಾಳಿದ್ದೂ ಕೇಳುತ್ತೇನೆ.

ನಿನ್ನ ನೋಟ್‌ಬುಕ್ಕು ನನ್ನ ಬಳಿ ಇದೆ. ತೂಕಗಳ ನಡುವೆ ಒಂದು ಪುಟದಲ್ಲಿ ನೀನು ಭಿನ್ನರಾಶಿಯ ಲೆಕ್ಕಗಳನ್ನು ಮಾಡಿದ್ದೀಯ, ಕಬ್ಬಿಗೆ ಸಂಬಂಧವಿಲ್ಲದ ಲೆಕ್ಕಗಳು. ಸರಿಯೋ ತಪ್ಪೋ ನನಗೆ ತಿಳಿಯದು. ಮೂಲೆಯಲ್ಲಿ ತಾರೀಖಿದೆ, 1942ರ ನವೆಂಬರ್. ಅಷ್ಟು ದಿನವೂ ಓದುತ್ತಿದ್ದೆಯಾ? ಇದೊಂದಕ್ಕೆ ಉತ್ತರ ಬರೆ. ಈ ಸಲ ನನ್ನ ಹೆಸರಿಗೆ ಬರೆ.

ಮಂಗಳವಾರದ ರೈಲಿಗೆ ಒಂದು ಪೆಟ್ಟಿಗೆ ಹಾಕುತ್ತೇನೆ. ನಿನ್ನ ಉಣ್ಣೆಯ ಅಂಗಿ, ಎರಡು ಸಲಾಮಿ, ರೊಸೆಲ್ಲಾ ಜಾಮಿನ ಮೂರು ಬಾಟಲಿ ಇವೆ. ಜಾಮನ್ನು ಈಗ ನಾನೇ ಮಾಡುತ್ತೇನೆ. ಬಾಟಲಿಗಳನ್ನು ಅಂಗಿಯೊಳಗೆ ಸುತ್ತಿದ್ದೇನೆ, ತೆಗೆಯುವಾಗ ಜೋಪಾನ. ಒಡೆದಿದ್ದರೆ ತಿಳಿಸು, ಬೇರೆ ಕಳಿಸುತ್ತೇನೆ.

ನಿನ್ನ ಅಮ್ಮ