ಮಗ್ಗಿ ಹೇಳುತ್ತಾ ಓಡು

ಮೈಸೂರು
ಸಂಕ್ರಾಂತಿಗೆ ಮುಂಚಿನ ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೀಯಂತೆ. ಕೇಳಿ ತುಂಬಾ ಖುಷಿಯಾಯಿತು. ಆಮೇಲೆ ಉಳಿದದ್ದನ್ನೂ ಹೇಳಿದಳು. ಮೊದಲನೇ ದಿನವೇ ನಾಲ್ಕು ಕಿಲೋಮೀಟರ್ ಓಡಿ, ಮನೆಗೆ ಬಂದು ವಾಂತಿ ಮಾಡಿಕೊಂಡೆಯಂತೆ. ಎರಡು ದಿನ ಮೆಟ್ಟಿಲು ಇಳಿಯೋಕೆ ಆಗಲಿಲ್ಲವಂತೆ. ಆದರೂ ದಿನಾ ಓಡುತ್ತೇನೆ, ಓಟದ ದಿನದೊಳಗೆ ಹತ್ತು ಕೆಜಿ ಇಳಿಸಿಯೇ ತೀರುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಫೋನಿನಲ್ಲಿ ಹೇಳಿದರೆ ‘ಆಯ್ತು ದೊಡ್ಡಮ್ಮ’ ಅಂದುಬಿಡುತ್ತೀಯ. ಬರೆದದ್ದನ್ನು ನೀನು ಚಿಕ್ಕಂದಿನಿಂದಲೂ ಎರಡು ಸಲ ಓದುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓಡಲು ಶುರು ಮಾಡಿದಾಗ ನನಗೆ 47 ವರ್ಷ, ತೂಕ 81 ಕೆಜಿ. ಶಾಲೆಯಲ್ಲಿ ಎರಡನೇ ಮಹಡಿಯ ಕ್ಲಾಸಿಗೆ ಹತ್ತಿ ಹೋದರೆ, ಬೋರ್ಡಿನ ಮೇಲೆ ತಾರೀಖು ಬರೆಯುವ ಮುಂಚೆ ಮೇಜು ಹಿಡಿದು ನಿಲ್ಲಬೇಕಿತ್ತು. ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆ. ನಮ್ಮ ಬೀದಿಯವರು ಯಾರಾದರೂ ಎದುರಿಗೆ ಬಂದರೆ ಓಡುವುದನ್ನು ನಿಲ್ಲಿಸಿ ನಡೆಯುತ್ತಿದ್ದೆ. ಅವರು ದಾಟಿ ಹೋದ ಮೇಲೆ ಮತ್ತೆ ಓಡುತ್ತಿದ್ದೆ. ಹೀಗೆ ಆರು ತಿಂಗಳು. ಆ ನಾಚಿಕೆ ನಿನಗೆ ಬರಬಾರದು ಪುಟ್ಟಿ.

ನಾನು ಕಾಲೇಜಿನಲ್ಲಿದ್ದಾಗ, 1984ರಲ್ಲಿ, ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಡೆಯಿತು. ಪಿ.ಟಿ. ಉಷಾಗೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. ನಾವೆಲ್ಲ ಅತ್ತಿದ್ದೆವು. ಅದೇ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದರು ಅನ್ನುವುದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಅಮೆರಿಕದ ಜೋನ್ ಬೆನೊಯ್ಟ್ ಗೆದ್ದಳು. ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಎಲ್ಲಕ್ಕಿಂತ ಉದ್ದದ ಓಟ ಎಂದರೆ 1500 ಮೀಟರ್. ಅದಕ್ಕಿಂತ ಜಾಸ್ತಿ ದೂರ ನಮ್ಮ ಮೈಗೆ ಒಗ್ಗುವುದಿಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಲಾಲ್‌ಬಾಗ್‌ನಲ್ಲಿ ಯಾರಾದರೂ ನಿನ್ನನ್ನು ತಿರುಗಿ ನೋಡಿದರೆ ಇದನ್ನು ನೆನೆಸಿಕೋ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನಿಧಾನವಾಗಿ ಓಡು. ನಿನಗೆ ನಾಚಿಕೆಯಾಗುವಷ್ಟು ನಿಧಾನವಾಗಿ. ಪಕ್ಕದಲ್ಲಿ ಬಿರಬಿರನೆ ನಡೆಯುವವರು ನಿನ್ನನ್ನು ದಾಟಿ ಹೋದರೂ ಪರವಾಗಿಲ್ಲ. ಮೊದಲ ಎರಡು ವಾರ ಒಂದು ನಿಮಿಷ ಓಡು, ಎರಡು ನಿಮಿಷ ನಡೆ. ಹೀಗೆ ಎಂಟು ಸಲ ಮಾಡಿದರೆ 24 ನಿಮಿಷ ಆಯಿತು, ಮನೆಗೆ ಹೋಗು. ಇನ್ನೂ ಓಡಬಹುದಿತ್ತು ಅನ್ನಿಸಬೇಕು, ಆಗಲೇ ನಿಲ್ಲಿಸಬೇಕು.

ವೇಗ ಸರಿಯಾಗಿದೆಯೋ ಇಲ್ಲವೋ ಅಂತ ನೋಡೋಕೆ ಕೈಗಡಿಯಾರ ಬೇಡ. ನಾನು ಹನ್ನೆರಡರ ಮಗ್ಗಿ ಹೇಳಿಕೊಂಡು ಓಡುತ್ತಿದ್ದೆ. ಈಗಲೂ ಹಾಗೇ. ‘ಹನ್ನೆರಡೊಂದ್ಲ ಹನ್ನೆರಡು, ಹನ್ನೆರಡೆರಡ್ಲ ಇಪ್ಪತ್ತನಾಲ್ಕು’ ಅಂತ ಬಾಯಿಬಿಟ್ಟು ಹೇಳು. ಸಾಲು ಪೂರ್ತಿ ಬಂದರೆ ವೇಗ ಸರಿ ಇದೆ. ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳಬೇಕಾದರೆ ಜಾಸ್ತಿ ಆಯಿತು, ನಡೆ. ಚಿಕ್ಕಂದಿನಲ್ಲಿ ನಮ್ಮ ಜಗುಲಿಯ ಮೇಲೆ ಕೂತು ನೀನು ಕಲಿತ ಮಗ್ಗಿಯೇ ಅಲ್ವಾ, ಮರೆತಿರಲಾರೆ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ನಾಲ್ಕನೇ ತಿಂಗಳಲ್ಲಿ ನನ್ನ ಉಸಿರು ಚೆನ್ನಾಗಿತ್ತು. ಕೆರೆ ಸುತ್ತ ನಾಲ್ಕೂವರೆ ಕಿಲೋಮೀಟರ್ ಹತ್ತಿರ ಇದೆ, ಒಂದು ಸುತ್ತು ಸಾಲದು ಅಂತ ಎರಡು ಸುತ್ತು ಹಾಕಿದೆ. ಮೊಣಕಾಲಿನ ಕೆಳಗೆ ಮುಂದುಗಡೆ ಮೂಳೆ ನೋಯೋಕೆ ಶುರುವಾಯಿತು. ಎಣ್ಣೆ ಹಚ್ಚಿಕೊಂಡು ಓಡಿದೆ. ಮೂರು ವಾರ ಹಾಗೇ ಓಡಿದೆ. ಕೊನೆಗೆ ಆ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿದೆ ಅಂದರು. ಎರಡು ತಿಂಗಳು ಮನೆಯಲ್ಲಿ ಕೂತೆ. ಆ ಎರಡು ತಿಂಗಳು ನಾನು ಪಟ್ಟ ಸಂಕಟ ನಿನ್ನ ದೊಡ್ಡಪ್ಪನಿಗೆ ಗೊತ್ತು.

ಅದಕ್ಕೇ ವಾರಕ್ಕೆ ಮೂರು ದಿನ ಮಾತ್ರ ಓಡು. ಮಧ್ಯೆ ಒಂದೊಂದು ದಿನ ಬಿಡು. ತೊಡೆ, ಮೀನಖಂಡ ಎಲ್ಲ ಒಟ್ಟಾಗಿ ಬಿಗಿದುಕೊಂಡು ನೋಯುವುದು ಸಹಜ, ಎರಡು ದಿನಕ್ಕೆ ಹೋಗುತ್ತದೆ. ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವಂಥ ನೋವು ಮೂಳೆಯ ಮೇಲೆ ಬಂದರೆ ಓಡಬೇಡ, ವೈದ್ಯರ ಹತ್ತಿರ ಹೋಗು.

ಇನ್ನು ಆ ಹತ್ತು ಕೆಜಿ. ನಾನು ಲೆಕ್ಕದ ಮೇಷ್ಟ್ರಮ್ಮ, ಲೆಕ್ಕ ಹಾಕಿಯೇ ಹೇಳುತ್ತೇನೆ. ಒಂದು ಕಿಲೋಮೀಟರ್ ಓಡಿದರೆ ಸುಮಾರಾಗಿ ನಮ್ಮ ತೂಕ ಎಷ್ಟು ಕೆಜಿಯೋ ಅಷ್ಟು ಕ್ಯಾಲೊರಿ ಖರ್ಚಾಗುತ್ತದೆ. ನಿನ್ನ ತೂಕ 76 ಅಂದಳು ಅಮ್ಮ. ಐದು ಕಿಲೋಮೀಟರಿಗೆ 380. ಒಂದು ಕೆಜಿ ಕೊಬ್ಬು ಕರಗೋಕೆ ಹತ್ತಿರ ಹತ್ತಿರ 7,700 ಬೇಕು. ಅಂದರೆ ಅಂಥ ಇಪ್ಪತ್ತು ಓಟ. ವಾರಕ್ಕೆ ಮೂರರಂತೆ ಏಪ್ರಿಲ್ ಕೊನೆಯವರೆಗೆ ಹದಿನೈದು ವಾರ ಓಡಿದರೂ ಎರಡು ಕೆಜಿ ಚಿಲ್ಲರೆ. ಬೇಜಾರು ಮಾಡಿಕೊಳ್ಳಬೇಡ. ಇದು ಮೊದಲೇ ಗೊತ್ತಿದ್ದರೆ ಮೂರನೇ ವಾರಕ್ಕೆ ತಕ್ಕಡಿ ನೋಡಿ ಶೂ ಮೂಲೆಗೆ ಎಸೆಯುವುದಿಲ್ಲ. ನನ್ನ ತೂಕ 81ರಿಂದ 69ಕ್ಕೆ ಬರೋಕೆ ಎರಡು ವರ್ಷ ಹಿಡಿಯಿತು. ಈಗ 61 ವರ್ಷ, ಇವತ್ತಿಗೂ ಅಲ್ಲೇ ಇದೆ.

ಹೆಚ್ಚು ಇಳಿದದ್ದು ತಟ್ಟೆಯಲ್ಲಿ. ಓಡಿದ ಮೇಲೆ ಹಸಿವು ಜೋರಾಗಿರುತ್ತದೆ. ಆಗ ಹೋಟೆಲಿಗೆ ಹೋಗಿ ಸೆಟ್ ದೋಸೆ ತಿಂದು ಸಿಹಿ ಕಾಫಿ ಕುಡಿದರೆ ಓಡಿದ್ದೆಲ್ಲ ವಾಪಸ್. ಸಂಜೆ ಆಫೀಸಿನಿಂದ ಬರುವಾಗ ತರುವ ಬೇಕರಿ ಪೊಟ್ಟಣ ನಿಲ್ಲಿಸು. ಅನ್ನ ಅರ್ಧ ಮಾಡಿ ಹೆಸರುಕಾಳು, ಸೊಪ್ಪಿನ ಪಲ್ಯ ಜಾಸ್ತಿ ಮಾಡಿಕೋ. ಉಪವಾಸ ಮಾತ್ರ ಬೇಡವೇ ಬೇಡ. ಉಪವಾಸವಿದ್ದು ಓಡುತ್ತಾ ಹೋದರೆ ಮೂಳೆಯೂ ಸೊರಗುತ್ತದೆ.

ತಕ್ಕಡಿಗಿಂತ ನನಗೆ ಚಿಂತೆ ಇರುವುದು ನಿನ್ನ ಸಕ್ಕರೆಯದ್ದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂದಿದೆ ಅಂದರೆ ಗಡಿಯಲ್ಲಿದ್ದೀಯ. 5.7ರಿಂದ 6.4ರವರೆಗೆ ಗಡಿ, ಅದರಾಚೆ ಸಕ್ಕರೆ ಕಾಯಿಲೆ. ಕೆಲಸ ಮಾಡುವ ಕಾಲು ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಈ ಕೆಲಸ ನಡೆಯುತ್ತದೆ. ಓಡದ ದಿನ ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ನಡೆ.

ಇನ್ನೊಂದು ಸಲ ಓಡುವ ಮುಂಚೆ ಹೃದಯದ ತಪಾಸಣೆ ಮಾಡಿಸಿಕೋ. ಇದರಲ್ಲಿ ನಾನು ನಿನ್ನ ಮಾತು ಕೇಳುವುದಿಲ್ಲ. ನಿನ್ನ ತಾತ 51ಕ್ಕೇ ಹೋದರು. ಅವತ್ತು ಬೆಳಿಗ್ಗೆ ಕೂಡ ‘ಎದೆ ಉರಿ, ಗ್ಯಾಸ್ ಇರಬೇಕು’ ಅಂದಿದ್ದರು. ಅಮೆರಿಕದಲ್ಲಿ ಜಿಮ್ ಫಿಕ್ಸ್ ಅಂತ ಒಬ್ಬರಿದ್ದರು. 35ನೇ ವಯಸ್ಸಿನಲ್ಲಿ ನೂರು ಕೆಜಿ ಹತ್ತಿರ ಇದ್ದರು, ಸಿಗರೇಟು ಬೇರೆ. ಓಡಿ ತೂಕ ಇಳಿಸಿದರು, ಸಿಗರೇಟು ಬಿಟ್ಟರು, ಲಕ್ಷಾಂತರ ಜನರನ್ನು ಓಡೋಕೆ ಹಚ್ಚಿದರು. ಅದೇ 1984ರಲ್ಲಿ, 52ನೇ ವಯಸ್ಸಿನಲ್ಲಿ, ಓಡಲು ಹೋದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಅವರ ಅಪ್ಪನೂ 43ಕ್ಕೇ ಹೃದಯದ ಕಾಯಿಲೆಯಿಂದ ಹೋಗಿದ್ದರು. ಮನೆತನದಲ್ಲಿ ಇಂಥದ್ದಿದ್ದರೆ ಕಾಲು ಬಲವಾಗಿದೆ ಅಂತ ಎದೆಯನ್ನು ನಂಬಿ ಕೂರಬಾರದು. ತಾತನ ವಿಷಯ ವೈದ್ಯರಿಗೆ ನೀನಾಗಿಯೇ ಹೇಳು, ಅವರು ಕೇಳಲಿ ಅಂತ ಕಾಯಬೇಡ. ಹಾಗೇ ಹಿಮೋಗ್ಲೋಬಿನ್ ನೋಡಿಸು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇರಬಾರದು. ನನಗೆ 9.8 ಇತ್ತು. ಏದುಸಿರಿಗೆ ಬರೀ ತೂಕವೇ ಕಾರಣ ಅಂದುಕೊಂಡಿದ್ದೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಜೊತೆ ನುಂಗಬೇಡ, ಮೈಗೆ ಹತ್ತುವುದಿಲ್ಲ. ಸಕ್ಕರೆ ಹಾಕದ ನಿಂಬೆರಸದ ನೀರಿನ ಜೊತೆ ತಗೋ.

ಶೂ ಸಂಜೆ ಹೊತ್ತು ಕೊಂಡುಕೋ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ನನಗೆ ಅಂಗಡಿಯವನು ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅಂತ ಬಿಗಿಯಾದದ್ದನ್ನೇ ಕೊಟ್ಟ. ಎರಡು ಉಗುರು ಕಪ್ಪಾಗಿ ಬಿದ್ದುಹೋದವು. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಎರಡು ತಗೋ, ಅದರಲ್ಲಿ ದುಡ್ಡು ಉಳಿಸಬೇಡ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡು. ನಾಯಿ ಬೆನ್ನು ಹತ್ತಿದರೆ ಓಡಬೇಡ, ನಿಂತು ನಿಧಾನವಾಗಿ ನಡೆ.

ಎಳ್ಳು ಬೀರೋಕೆ ಇಲ್ಲಿಗೆ ಬರುತ್ತೀಯಲ್ಲ, ಶೂ ತರೋದು ಮರೆಯಬೇಡ. ಹಬ್ಬದ ಮಾರನೇ ದಿನ ಬೆಳಿಗ್ಗೆ ಕೆರೆಗೆ ಹೋಗೋಣ. ಈಗ ಹೆಜ್ಜಾರ್ಲೆ ಹಕ್ಕಿಗಳು ಬಂದಿವೆ. ಒಂದು ನಿಮಿಷ ಓಡೋಣ, ಎರಡು ನಿಮಿಷ ನಡೆಯೋಣ. ಮಗ್ಗಿ ನೀನು ಹೇಳು, ನಾನು ಕೇಳಿಸಿಕೊಳ್ಳುತ್ತೇನೆ. ಬರುವಾಗ ರಕ್ತಪರೀಕ್ಷೆಯ ಚೀಟಿಯನ್ನೂ ತಗೊಂಡು ಬಾ.

ಇಂತು ನಿನ್ನ
ದೊಡ್ಡಮ್ಮ