ದಸರೆಗೆ ಈ ಸಲ ರಿಯಾಯಿತಿ ಇಲ್ಲ

ನಮ್ಮ ಗಿರಾಕಿ ಬಂಧುಗಳಿಗೆ ನಮಸ್ಕಾರ.

ಇಳಕಲ್ ಸೀರೆಗೆ ದಸರೆಯಲ್ಲಿ ಕೊಡುತ್ತಿದ್ದ ರಿಯಾಯಿತಿಯನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ. ಪ್ರತಿ ಸೀರೆಗೆ 200 ರೂಪಾಯಿ ಏರಿಸಿದ್ದೇವೆ ಕೂಡ. ಇದನ್ನು ತಿಂಗಳ ಮೊದಲೇ ಹೇಳಬೇಕಿತ್ತು, ತಪ್ಪಾಯಿತು. ಮುಂಗಡ ಕೊಟ್ಟವರಿಗೆ ಹಳೇ ದರವೇ.

"ಸಂಘದವರಿಗೂ ದುರಾಸೆ ಬಂತು" ಎಂದು ಒಬ್ಬರು ನಮ್ಮ ನೇಕಾರರ ಸಂಘದ ಅಂಗಡಿಯಲ್ಲೇ ಅಂದರು. ಆ 200ರಲ್ಲಿ 140 ನೇಕಾರರ ಮಜೂರಿಗೆ ಹೋಗುತ್ತದೆ, ಉಳಿದದ್ದು ನೂಲಿಗೆ. ಸಂಘಕ್ಕೆ ಒಂದು ಬಿಡಿಗಾಸೂ ಇಲ್ಲ.

ಎಲ್ಲರೂ ಕೇಳುವ ಇನ್ನೊಂದು ಮಾತು: "ಇದೇ ಸೀರೆ ಪೇಟೆಯಲ್ಲಿ ಅರ್ಧ ರೇಟಿಗೆ ಸಿಗುತ್ತದಲ್ಲ?" ಇದೇ ಸೀರೆ ಅಲ್ಲ. ಮೈ ಮತ್ತು ಸೆರಗು ಕೂಡುವ ಜಾಗ ನೋಡಿ. ನಮ್ಮದರಲ್ಲಿ ಹಾಸಿನ, ಅಂದರೆ ಉದ್ದದ ನೂಲಿನ, ಎಳೆಗೆ ಎಳೆ ಕೊಂಡಿ ಹಾಕಿರುತ್ತದೆ. ಆದರೆ ಪೇಟೆಯ ಪವರ್‌ಲೂಮ್ (ವಿದ್ಯುತ್ ಮಗ್ಗದ) ಸೀರೆ ಅಗ್ಗವಾಗಿರುವುದು ಯಂತ್ರದ ವೇಗದಿಂದ ಮಾತ್ರ ಅಂದುಕೊಳ್ಳಬೇಡಿ. 1985ರ ಕಾಯ್ದೆಯಡಿ 22 ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲಾಗಿತ್ತು. ಪವರ್‌ಲೂಮಿನವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕೋರ್ಟಿನಲ್ಲಿ ಗೆದ್ದೆವು, ಪಟ್ಟಿಯಲ್ಲಿ ಸೋತೆವು: ಆಮೇಲೆ 22 ಹೋಗಿ 11 ಆಯಿತು. ಸೀರೆ ಇನ್ನೂ ಪಟ್ಟಿಯಲ್ಲಿದೆ, ಪೇಟೆಯಲ್ಲಿ ಮಾತ್ರ ಯಾರೂ ಪಟ್ಟಿ ನೋಡುವುದಿಲ್ಲ.

ಲಡಿ ನೂಲಿನದೂ, ಅಂದರೆ ಸುರುಳಿ ಸುತ್ತಿ ಕಟ್ಟಾಗಿ ಕಟ್ಟಿದ ನೂಲಿನದೂ, ಅದೇ ಕಥೆ. ಗಿರಣಿಗಳು ಇಂತಿಷ್ಟು ನೂಲನ್ನು ಲಡಿಯಲ್ಲೇ ಕಟ್ಟಬೇಕೆಂಬ ನಿಯಮ 2003ರಲ್ಲಿ ನೂರಕ್ಕೆ 40ಕ್ಕೆ, 2019ರಲ್ಲಿ 30ಕ್ಕೆ ಇಳಿಯಿತು. ಪವರ್‌ಲೂಮಿಗೆ ಕೋನ್ (ಶಂಕುವಿನಾಕಾರದ ಕೊಳವೆಗೆ ಸುತ್ತಿದ ನೂಲು) ಸಾಕು, ಲಡಿ ಬೇಕಾದದ್ದು ನಮಗೆ. 2017ರಲ್ಲಿ ಜಿಎಸ್‌ಟಿ ಬಂದು ಹತ್ತಿ ನೂಲಿಗೂ ನೂರಕ್ಕೆ 5, ನೇಯ್ದ ಬಟ್ಟೆಗೂ 5. ಕೈಉತ್ಪನ್ನಕ್ಕೆ ತೆರಿಗೆ ಬೇಡವೆಂದು ರಂಗಕರ್ಮಿ ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕೂತದ್ದು ನಿಮಗೂ ನೆನಪಿರಬಹುದು.

ದಿನಗಟ್ಟಲೆ ಕುಣಿ ಮಗ್ಗದಲ್ಲಿ ಕೂತು ನೇಯ್ದದ್ದಕ್ಕೆ ಎಷ್ಟು ಬೆಲೆ ಎಂಬುದು ಮಗ್ಗದ ಹತ್ತಿರ ತೀರ್ಮಾನವಾಗುವುದಿಲ್ಲ. ಗಿರಣಿಯವರ ಮಾತು ದೆಹಲಿ ಮುಟ್ಟುತ್ತದೆ. ನಮ್ಮ ಮಾತಿಗೆ ಇದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರ ಜುಲೈ 27ಕ್ಕೆ ರದ್ದು ಮಾಡಿದರು. ರಾಷ್ಟ್ರೀಯ ಕೈಮಗ್ಗ ದಿನ ಆಗಸ್ಟ್ 7ಕ್ಕೆ. ಶುಭಾಶಯದ ಮೆಸೇಜುಗಳಿಗೇನೂ ಕಡಿಮೆ ಇರಲಿಲ್ಲ.

ಇಷ್ಟೆಲ್ಲ ಬರೆದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಹೋದ ವರ್ಷ ಕೆಲವು ಗಾಡಿ ದಡಿ (ಇಳಕಲ್ ಸೀರೆಯ ಒಂದು ಬಗೆಯ ಅಂಚು) ಸೀರೆಗಳು ಬಣ್ಣ ಬಿಟ್ಟವು, ಅದು ನಮ್ಮದೇ ತಪ್ಪು. ರಸೀದಿ ಇಲ್ಲದಿದ್ದರೂ ತನ್ನಿ, ಬದಲಿಸಿ ಕೊಡುತ್ತೇವೆ. ಮಧ್ಯಾಹ್ನ ಬಂದರೆ ಹಿಂದಿನ ಮನೆಯಲ್ಲಿ ಕೊಂಡಿ ಹಾಕುವುದನ್ನೂ ನೋಡಬಹುದು, ಚಹಾ ಇದ್ದೇ ಇರುತ್ತದೆ.

ನಿಮ್ಮ,
ಸಂಘದ ಕಾರ್ಯದರ್ಶಿ